ಪದಗ್ರಹಣ ಮೀಮಾಂಸೆ

ಗ್ರಹಣಗಳಲ್ಲಿ ಮೂರು ವಿಧ: ಸೂರ್ಯಗ್ರಹಣ, ಚಂದ್ರಗ್ರಹಣ, ಪದಗ್ರಹಣ. ಮೊದಲೆರಡಕ್ಕೆ ಪಂಚಾಂಗ ಬೇಕು. ಮೂರನೆಯದಕ್ಕೆ ಬೇಡ, ರೋಟರಿಗೂ ಲಯನ್ಸಿಗೂ ಹೊಸ ವರ್ಷ ಹುಟ್ಟುವುದು ಜುಲೈ 1ಕ್ಕೆ, ಕೃಷ್ಣೆಗೆ ಮಹಾರಾಷ್ಟ್ರದ ನೀರು ಇಳಿಯುವ ಹೊತ್ತಿಗೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಹೊಳೆಗೆ ಮಹಾಪೂರ ಬಾರದಿದ್ದರೂ ವೇದಿಕೆಗೆ ಹಾರದ ಮಹಾಪೂರ ತಪ್ಪದು. ಇದು ನಮ್ಮ ಮೊದಲ ಪ್ರಮೇಯ.

ಇನ್ನು ಮೂಲಚರ್ಚೆ. 1905ರಲ್ಲಿ ಷಿಕಾಗೋದ ವಕೀಲ ಪಾಲ್ ಹ್ಯಾರಿಸ್ ದೊಡ್ಡ ಊರಲ್ಲಿ ಗೆಳೆಯರಿಲ್ಲದೆ ಬೇಸತ್ತು ರೋಟರಿ ಕಟ್ಟಿದ. ಸಭೆ ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ತಿರುಗುತ್ತಿದ್ದುದರಿಂದ ಆ ಹೆಸರು. ಆತ ಜಮಖಂಡಿಯಲ್ಲಿ ಹುಟ್ಟಿದ್ದರೆ ಸಂಸ್ಥೆಯೇ ಬೇಕಾಗುತ್ತಿರಲಿಲ್ಲ. ಹನುಮಪ್ಪನ ಗುಡಿ ಕಟ್ಟೆಗೆ ಒಂದು ಸಂಜೆ ಬಂದು ಕೂತಿದ್ದರೆ, ಎದ್ದು ಹೋಗುವುದೇ ಫಜೀತಿ.

ಪೋಲಿಯೊ ವಿರುದ್ಧದ ಜಾಗತಿಕ ಕೆಲಸಕ್ಕೆ ರೋಟರಿ 1985ರಲ್ಲಿ ಕೈ ಹಾಕಿತು. 2014ರಲ್ಲಿ ಭಾರತ ಪೋಲಿಯೊಮುಕ್ತವೆಂದು ಸಾರಲಾಯಿತು. ಇಲ್ಲಿ ಅಣಕಕ್ಕೆ ಜಾಗವಿಲ್ಲ, ಮುಂದೆ ಹೋಗೋಣ.

ಸದಸ್ಯರಲ್ಲಿ ಹಾಲಿ ಅಧ್ಯಕ್ಷ, ಮಾಜಿ ಅಧ್ಯಕ್ಷ, ಭಾವಿ ಅಧ್ಯಕ್ಷ ಎಂದು ಮೂರೇ ಜಾತಿ. ಇವು ಮೂರೂ ಅಲ್ಲದವನನ್ನು ಹುಡುಕಬೇಕಾದರೆ ಮುಧೋಳದ ನಾಯಿಯನ್ನೇ ಬಿಡಬೇಕು. (ಅದು ಮೂಸಿ ಹುಡುಕುವ ತಳಿಯಲ್ಲ, ಕಣ್ಣಿಂದ ನೋಡಿ ಬೆನ್ನಟ್ಟುವ ತಳಿ. ಆದ್ದರಿಂದ ಮೊದಲು ಫೋಟೊ ತೋರಿಸಬೇಕು. ಫೋಟೊಗಳಿಗೇನೂ ಬರವಿಲ್ಲ.) ವನಮಹೋತ್ಸವದ ಫೋಟೊದಲ್ಲಂತೂ ಒಂದು ಸಸಿಗೆ ಹದಿನಾಲ್ಕು ಕೈ. ಮಾರನೆಯ ದಿನ ನೀರು ಹಾಕುವ ಕೈ ಯಾವುದೆಂಬುದನ್ನು ಬೀಳಗಿಯ ಬಿಸಿಲು ತೀರ್ಮಾನಿಸುತ್ತದೆ.

ಈ ಸಿದ್ಧಾಂತವನ್ನು ಕೆಡಿಸುವ ಒಂದೇ ಒಂದು ಪ್ರಸಂಗ ಜಮಖಂಡಿ ತಾಲೂಕಿನಲ್ಲೇ ಇದೆ. 1989ರಲ್ಲಿ ಚಿಕ್ಕಪಡಸಲಗಿಯ ಬಳಿ ರೈತರು ತಾವೇ ಪಟ್ಟಿ ಹಾಕಿ, ತಾವೇ ಕಲ್ಲು-ಮಣ್ಣು ಹೊತ್ತು ಕೃಷ್ಣೆಗೆ ಬ್ಯಾರೇಜು ಕಟ್ಟಿಬಿಟ್ಟರು. ಶ್ರಮಬಿಂದು ಸಾಗರವೆಂದು ಹೆಸರಿಟ್ಟರು. ಕೋಟಿನ ಮೇಲೆ ಪಿನ್ನಿಲ್ಲ, ಮೈಮೇಲೆ ಕೋಟೇ ಇಲ್ಲ. ಕೋರಂ ಎಷ್ಟಿತ್ತು? ನಡಾವಳಿ ಬರೆದವರಾರು? ವಂದನಾರ್ಪಣೆಯಿಲ್ಲದೆ ಒಡ್ಡು ನಿಂತಿದ್ದಾದರೂ ಹೇಗೆ? ಮುಂದಾಳು ಸಿದ್ದು ನ್ಯಾಮಗೌಡರು ಮಾಜಿ ಅಧ್ಯಕ್ಷರಾಗಿ ಮುಂದಿನ ಸಾಲಿನ ಕುರ್ಚಿ ಹಿಡಿಯುವುದು ಬಿಟ್ಟು, 1991ರ ಲೋಕಸಭಾ ಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು. ಶಾಸ್ತ್ರಕ್ಕೆ ಒಗ್ಗದ ಈ ಪ್ರಸಂಗವನ್ನು ಅಪವಾದವೆಂದು ಬದಿಗಿಡುತ್ತೇವೆ. ಬದಿಗಿಡಲು ಸ್ವಲ್ಪ ದೊಡ್ಡದಾಗಿದೆ, ಅಷ್ಟೇ.

ಕೊನೆಗೊಂದು ಕ್ಷೇತ್ರಕಾರ್ಯ. 1925ರಲ್ಲಿ ಹೆಲೆನ್ ಕೆಲ್ಲರ್ ಲಯನ್ಸ್ ಸಮಾವೇಶದಲ್ಲಿ ನಿಂತು ಕುರುಡರ ಕೈ ಹಿಡಿಯಿರೆಂದು ಕೇಳಿಕೊಂಡರು. ಕಣ್ಣಿನ ಶಿಬಿರಗಳ ಬೇರು ಅಲ್ಲಿದೆ. ಅಂಥದೊಂದು ಶಿಬಿರದಲ್ಲಿ ಪೊರೆ ತೆಗೆಸಿಕೊಂಡ ಬನಹಟ್ಟಿಯ ನೇಕಾರ ಅಜ್ಜಿ, ಪಟ್ಟಿ ಬಿಚ್ಚಿದ ಮೇಲೆ ಸಮಾರೋಪಕ್ಕೆ ಬಂದಿದ್ದಳು. ಮುಖ್ಯ ಅತಿಥಿಗೆ ಶಾಲು ಹೊದಿಸುತ್ತಿದ್ದರು. ಅಜ್ಜಿ ಅಂಚನ್ನು ಎರಡು ಬೆರಳಲ್ಲಿ ತಿಕ್ಕಿ, ಕಣ್ಣಿನ ಹತ್ತಿರ ಹಿಡಿದು ಎಳೆ ನೋಡಿದಳು. "ತಮ್ಮಾ, ಇದು ನಮ್ಮ ಮಗ್ಗದ್ದಲ್ಲ ನೋಡು. ಸೂರತ್ತಿಂದೈತಿ."

ಕಾರ್ಯದರ್ಶಿಗಳು ನಡಾವಳಿಯಲ್ಲಿ ಬರೆದುಕೊಂಡರು: "ಫಲಾನುಭವಿಯ ದೃಷ್ಟಿ ಪೂರ್ಣ ಸುಧಾರಿಸಿದೆ."