ತುಂಬದ ಟ್ಯಾಂಕಿನ ರಾಯರು

ಚೆನ್ನೈಯ ದಕ್ಷಿಣದ ಮಡಿಪಾಕ್ಕಂ, ಮೇಡವಾಕ್ಕಂ, ಸೇಲೈಯೂರುಗಳ ಯಾವ ಬೀದಿಗೆ ಹೋದರೂ ಈ ರಾಯರು ಸಿಗುತ್ತಾರೆ. ಊರನ್ನು ಇನ್ನೂ ಮದ್ರಾಸು ಎಂದೇ ಕರೆಯುತ್ತಾರೆ. ಬ್ಯಾಂಕಿನಿಂದ ನಿವೃತ್ತರು, ಅರ್ಧ ಗ್ರೌಂಡಿನಲ್ಲಿ ಸ್ವಂತ ಮನೆ. ಹಾಲಿನವನ ಲೆಕ್ಕ, ಕರೆಂಟ್ ಬಿಲ್ಲು, ಬಾಡಿಗೆದಾರರ ಗೋಡೆಯ ಮೊಳೆಗಳ ಸಂಖ್ಯೆ ಎಲ್ಲವೂ ಬಾಯಿಪಾಠ. ಸೆಪ್ಟಿಕ್ ಟ್ಯಾಂಕಿನ ಮುಚ್ಚಳ ಎಲ್ಲಿದೆ ಎಂದರೆ ಮಾತ್ರ ಮಾತು ಮಳೆಗೆ ತಿರುಗುತ್ತದೆ. ಮುಚ್ಚಳ ಟೈಲ್ಸಿನ ಕೆಳಗಿದೆ, ಟೈಲ್ಸಿನ ಮೇಲೆ ತುಳಸಿ ಕುಂಡ. ಇಷ್ಟಾದರೂ ಅವರ ದೊಡ್ಡ ಹೆಮ್ಮೆ ಆ ಟ್ಯಾಂಕೇ: “ಇಪ್ಪತ್ತು ವರ್ಷ ಆಯ್ತು ಸ್ವಾಮೀ, ಒಂದು ಸಲವೂ ತುಂಬಿಲ್ಲ!”

ನನ್ನ ವಾದವಿಷ್ಟೇ: ಇದು ಹೆಮ್ಮೆಯಲ್ಲ, ತಪ್ಪೊಪ್ಪಿಗೆ. ಸರಿಯಾದ ಟ್ಯಾಂಕಿನಲ್ಲಿ ನೀರು ಸದಾ ತುಂಬಿಯೇ ಇರುತ್ತದೆ; ಗಟ್ಟಿ ತಳಕ್ಕಿಳಿಯುತ್ತದೆ, ಜಿಡ್ಡು ತೇಲುತ್ತದೆ, ನಡುವಿನ ನೀರು ಇಂಗುಗುಂಡಿಗೆ ಹೋಗುತ್ತದೆ. ತಳದ ರಾಡಿ ಏರುತ್ತಲೇ ಇರುವುದರಿಂದ ಎರಡು ಮೂರು ವರ್ಷಕ್ಕೊಮ್ಮೆ ಲಾರಿ ಕರೆಸಿ ಹೀರಿಸಬೇಕು. ಇದಕ್ಕೆಂದೇ ತಮಿಳುನಾಡು ಸರ್ಕಾರ 2014ರಲ್ಲಿ ಮಾರ್ಗಸೂಚಿಯನ್ನೂ ಹೊರಡಿಸಿತು. ಇಪ್ಪತ್ತು ವರ್ಷ ಹೀರಿಸದೆ ನಡೆದಿದೆಯೆಂದರೆ ಒಂದೋ ತಳಕ್ಕೆ ಗಾರೆಯೇ ಹಾಕಿಲ್ಲ, ಇಲ್ಲವೇ ಪೈಪೊಂದು ಸದ್ದಿಲ್ಲದೆ ಬೀದಿಯ ಮಳೆನೀರಿನ ಚರಂಡಿ ಸೇರಿದೆ. ಟ್ಯಾಂಕಿನ ತಪಾಸಣೆಗೆ ಬಂದವನಿಗೆ ಯಂತ್ರ ಬೇಡ, ಒಳಗಿಳಿಸಿ ನೋಡಲು ಒಂದು ಕೋಲು ಸಾಕು.

“ಭೂಮಿಯೇ ಕುಡಿದುಕೊಳ್ಳುತ್ತದೆ” ಎನ್ನುತ್ತಾರೆ ರಾಯರು. ಬೇಸಿಗೆಯಲ್ಲಿ ಒಪ್ಪೋಣ. ಆದರೆ ಇವು ಪಳ್ಳಿಕರಣೈ ಜೌಗಿನ ಆಸುಪಾಸಿನ ಊರುಗಳು. ನವೆಂಬರಿನ ಮಳೆಗೆ ಅಂತರ್ಜಲ ಮೇಲೆದ್ದಾಗ ಭೂಮಿ ಕುಡಿಯುವುದಿಲ್ಲ, ಕುಡಿದದ್ದನ್ನು ಕಕ್ಕುತ್ತದೆ. ಎರಡನೆಯ ಗುರಾಣಿ ವಾಸ್ತು: ಬಾವಿ ಈಶಾನ್ಯದಲ್ಲಿ, ಟ್ಯಾಂಕು ವಾಯವ್ಯದಲ್ಲಿ, ಎಲ್ಲವೂ ಶಾಸ್ತ್ರೋಕ್ತ. ಇಂಗುಗುಂಡಿ ಕುಡಿಯುವ ನೀರಿನಿಂದ 18 ಮೀಟರ್, ಅಂದರೆ 59 ಅಡಿ ದೂರವಿರಲಿ ಎನ್ನುತ್ತದೆ ಭಾರತೀಯ ಮಾನಕ. ಅರ್ಧ ಗ್ರೌಂಡೆಂದರೆ 1200 ಚದರಡಿ. ಮೂವತ್ತಕ್ಕೆ ನಲವತ್ತರ ಸೈಟಿನಲ್ಲಿ ಮೂಲೆಯಿಂದ ಮೂಲೆಗೆ ಓರೆಯಾಗಿ ಹಗ್ಗ ಹಿಡಿದರೂ 50 ಅಡಿಯೇ. ವಾಸ್ತು ಕೊಡುವುದು ಹೆಚ್ಚೆಂದರೆ 40. ದೇವರು ಮೆಚ್ಚಬಹುದು, ಬ್ಯಾಕ್ಟೀರಿಯಾ ಮೆಚ್ಚಿ ಅಲ್ಲೇ ನಿಲ್ಲುವುದಿಲ್ಲ.

ಉಳಿದ ತಕರಾರಿನಲ್ಲಿ ಸ್ವಲ್ಪ ನ್ಯಾಯವಿದೆ: “ಒಳಚರಂಡಿ ಬರುತ್ತೆ ಅಂದರಲ್ಲ, ಈಗ ಯಾಕೆ ಖರ್ಚು?” 2011ರಲ್ಲಿ ನಗರದ ಮೇರೆ 174 ಚದರ ಕಿಲೋಮೀಟರಿನಿಂದ 426ಕ್ಕೆ ಹಿಗ್ಗಿತು, ಮಡಿಪಾಕ್ಕಂನಂಥ ಕಡೆ ಪಾಲಿಕೆಯ ಬೋರ್ಡು ಬಂದಷ್ಟು ಬೇಗ ಪೈಪು ಬರಲಿಲ್ಲ. ಸರ್ಕಾರ ಕಾಯಿಸುತ್ತದೆ, ನಿಜ. ಹೊಟ್ಟೆ ಕಾಯುವುದಿಲ್ಲವಲ್ಲ. “ಹಾಗಾದರೆ ಯಾರನ್ನಾದರೂ ಇಳಿಸಿ ಕ್ಲೀನ್ ಮಾಡಿಸೋಣ” ಎಂದು ರಾಯರು ಅಗ್ಗದ ದಾರಿ ಹುಡುಕಿದರೆ ಮಾತ್ರ ನಗೆ ನಿಲ್ಲಬೇಕು. ರಕ್ಷಣಾ ಸಾಧನವಿಲ್ಲದೆ ಮನುಷ್ಯನನ್ನು ಟ್ಯಾಂಕಿನೊಳಗೆ ಇಳಿಸುವುದು 2013ರ ಕಾಯ್ದೆಯಂತೆ ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಒಳಗಿನ ಗಾಳಿಗೆ ಕಾಯ್ದೆಯೂ ಗೊತ್ತಿಲ್ಲ, ಕೂಲಿಯೂ ಗೊತ್ತಿಲ್ಲ.

ತಪಾಸಣೆಯಲ್ಲಿ ಟ್ಯಾಂಕು ಫೇಲಾದ ಸಂಜೆ ರಾಯರು ಫೋನು ಮಾಡುವುದು ಲಾರಿಯವನಿಗಲ್ಲ, ಒಡೆದ ಟೈಲ್ಸು ಕೂರಿಸುವವನಿಗೆ. ಅವನಿಗೂ ಬಾವಿಯ ನೀರಿನ ಸಿಹಿಯನ್ನು ವರ್ಣಿಸುತ್ತಾರೆ. ಬಾಯಾರಿದೆ ಎಂದರೆ ಕ್ಯಾನ್ ಬಗ್ಗಿಸಿ ಕೊಡುತ್ತಾರೆ.