ಬೆಣ್ಣೆ ದೋಸೆಗೆ ಬೂಸ್ಟು

ಮೇಷ್ಟ್ರು: ಭಟ್ರೇ, ಬೆಣ್ಣೆ ದೋಸೆ ಹೇಳಿ ಅರ್ಧ ಗಂಟೆ ಆಯ್ತು!

ಭಟ್ರು: ಆಗಿದೆ ಮೇಷ್ಟ್ರೇ, ಶೂಟಿಂಗಲ್ಲಿದೆ. ಮಗ ರೀಲ್ ಬಿಡ್ತಿದ್ದಾನೆ.

ಮೇಷ್ಟ್ರು: ಇಷ್ಟು ದಿನ ನೀವೇ ಬಿಡ್ತಿದ್ರಲ್ಲ?

ಭಟ್ರು: ಅವನ್ನ ಹತ್ತು ಸಾವಿರ ಜನ ಫಾಲೋ ಮಾಡ್ತಾರೆ ಸ್ವಾಮಿ!

ಮೇಷ್ಟ್ರು: ಹೋಟೆಲಲ್ಲಿ ನಾನೊಬ್ನೇ ಇದ್ದೀನಲ್ಲ?

ಭಟ್ರು: ಹಾಲಿನವನೂ ಫಾಲೋ ಮಾಡೋದು ಬಿಟ್ಟಿಲ್ಲ. ಬಾಕಿ ಇದೆ ನೋಡಿ.

(ದೋಸೆ ಬಂತು. ನಟನೆ ಮುಗಿಸಿ ತಣ್ಣಗಾಗಿತ್ತು.)

ಮೇಷ್ಟ್ರು: ಬೆಣ್ಣೆ ಎಲ್ರೀ?

ಭಟ್ರು: ವಿಡಿಯೋದಲ್ಲಿ ಧಾರಾಳವಾಗಿದೆ. ಇಲ್ಲಿಯ ಬೆಣ್ಣೆ ದುಡ್ಡು ಪೋಸ್ಟ್ ಬೂಸ್ಟ್ ಮಾಡೋಕೆ ಹೋಯ್ತು.

ಮೇಷ್ಟ್ರು: ಚಟ್ನಿ ಹುಳಿ ಬಂದಿದೆ!

ಭಟ್ರು: ನಿನ್ನೆಯ ಸ್ಟೋರಿ ಅದು. 24 ಗಂಟೆ ಆದ್ಮೇಲೆ ತಾನಾಗೇ ಹೋಗುತ್ತೆ.

ಮೇಷ್ಟ್ರು: ಸರಿ, ಬರ್ತೀನಿ. ಲೈಕ್ ಒತ್ತಿದ್ದೀನಿ.

ಭಟ್ರು: ದುಡ್ಡು?

ಮೇಷ್ಟ್ರು: ಹಾರ್ಟೇ ಕೊಟ್ಟಿದ್ದೀನಲ್ರೀ!

ಭಟ್ರು: ಅಯ್ಯೋ, ಅದರಲ್ಲಿ ಗ್ಯಾಸ್ ಸಿಲಿಂಡರ್ ಬರುತ್ತಾ ಮೇಷ್ಟ್ರೇ?