ಟ್ರ್ಯಾಕ್ಟರ್‌ನ ರಕ್ತದಾನ

ಡ್ರೋನ್ ಕೊಂಡವನಿಗೆ ಆಕಾಶವೇ ಕೈಗೆ ಸಿಗುತ್ತದಂತೆ. ಬೆಳೆಯ ಹುಳ ಹುಡುಕಲು ಕೊಂಡ ನನಗೆ ಸಿಕ್ಕಿದ್ದು ಚಾರ್ಜರ್ ಚಿಂತೆ. ಮುಳಗುಂದದ ಎರಿ ಹೊಲದಲ್ಲಿ ಹೆಸರು ಬೆಳೆಯುತ್ತದೆ, ಉಳ್ಳಾಗಡ್ಡಿ ಬೆಳೆಯುತ್ತದೆ, ಪ್ಲಗ್ ಪಾಯಿಂಟ್ ಮಾತ್ರ ಬೆಳೆಯುವುದಿಲ್ಲ. ಸರಿ, ಟ್ರ್ಯಾಕ್ಟರ್ ಬ್ಯಾಟರಿಗೇ ಕೈ ಹಾಕಿದೆ.

ಟ್ರ್ಯಾಕ್ಟರಿನದು 12 ವೋಲ್ಟ್. ನಾಲ್ಕು ಸೆಲ್‌ನ ಲಿಥಿಯಂ ಪಾಲಿಮರ್ ಬ್ಯಾಟರಿ ತುಂಬಲು ಬೇಕಾದ್ದು 16.8. ನಡುವೆ ಬೂಸ್ಟ್ ಕನ್ವರ್ಟರ್ ಬಂತು. ಯಾವ ಸೆಲ್ಲೂ 4.2 ದಾಟಬಾರದು, ನಾಲ್ಕೂ ಸಮ ಇರಬೇಕು ಎಂದು ಬ್ಯಾಲೆನ್ಸ್ ಚಾರ್ಜಿಂಗ್ ಬೋರ್ಡ್ ಬಂತು. ಕಾಯ್ದೀತೆಂದು ಫ್ಯಾನ್ ಬಂತು, ಶಾರ್ಟ್ ಆದೀತೆಂದು ಫ್ಯೂಸ್ ಬಂತು. ಇಷ್ಟನ್ನೂ ತುಂಬಲು ಶೇಂಗಾ ಉಂಡಿಯ ಪ್ಲಾಸ್ಟಿಕ್ ಡಬ್ಬಿ ಬಂತು. ಅದನ್ನು ಹುಡುಕುತ್ತ ಹೆಂಡತಿಯೂ ಬಂದಳು!

ಎಂಜಿನ್ ಬಂದ್ ಇಟ್ಟರೆ ಡ್ರೋನ್ ಹಾರೀತು, ಟ್ರ್ಯಾಕ್ಟರ್ ಕೂತೀತು. ಹಾಗಾಗಿ ಅದೂ ಗುಡುಗುಡು ಅನ್ನುತ್ತಲೇ ಇರಬೇಕು. ವೈರುಗಳನ್ನು ನೋಡಿದ ಪಕ್ಕದ ಹೊಲದ ಕಾಕಾ, “ಏನಪಾ ತಮ್ಮಾ, ಟ್ರ್ಯಾಕ್ಟರ್‌ಗೆ ಸಲೈನ್ ಹಚ್ಚೀಯೇನ?” ಅಂದರು.

“ಇಲ್ರೀ ಕಾಕಾ, ರಕ್ತದಾನ ಮಾಡಸಾಕತ್ತೀನ್ರಿ.”

ದೂರದಲ್ಲಿ ಗಾಳಿಯಂತ್ರಗಳು ಊರಿಗೆಲ್ಲ ಕರೆಂಟು ಹಂಚುತ್ತ ಆರಾಮಾಗಿ ತಿರುಗುತ್ತಿದ್ದವು. ಬ್ಯಾಟರಿ ತುಂಬುವಷ್ಟರಲ್ಲಿ ಕಾಕಾ ನನ್ನ ಹೊಲವನ್ನು ಒಂದು ಸುತ್ತು ನಡೆದು ಬಂದು, ಹುಳ ಎಲ್ಲೆಲ್ಲಿ ಬಿದ್ದಿದೆ ಎಂದು ಬೆರಳು ಮಾಡಿ ಹೇಳಿಬಿಟ್ಟರು. ಅವರಿಗೆ ಬೇಕಾದ ಚಾರ್ಜು ಒಂದು ಕಪ್ ಚಹಾ, ಅದೂ ಸಕ್ಕರೆ ಕಡಿಮೆ.